ಎರಡೂ ಕಾಲು ಸೋತರೆ ಅದು ‘ಪಾರ್ಶ್ವವಾಯು’ ಹೇಗಾಗುತ್ತದೆ?

ಬಳಗದ ಎಲ್ಲರಿಗೂ ನಮಸ್ಕಾರ.

ಒಂದು ಕಾಯಿಲೆಯ ಸುತ್ತ ಇರುವ ಪದಗಳ ಬಗ್ಗೆ ನಿಮ್ಮ ನೆರವು ಬೇಕು. ಕಾಯಿಲೆಯ ಹೆಸರು ಗಿಯಾಂ-ಬಾರೆ ಸಿಂಡ್ರೋಮ್. ಆಸ್ಪತ್ರೆಯಲ್ಲಿ ಎಲ್ಲರೂ ಜಿಬಿಎಸ್ ಅಂತಲೇ ಅನ್ನುತ್ತಾರೆ. ವರ್ಷಕ್ಕೆ ಲಕ್ಷ ಜನರಲ್ಲಿ ಒಬ್ಬಿಬ್ಬರಿಗೆ ಬರುವಂಥದ್ದು. ನೆಗಡಿ, ಕೆಮ್ಮು, ಜ್ವರವೋ ಭೇದಿಯೋ ಬಂದು ವಾಸಿಯಾಗಿರುತ್ತದೆ. ಒಂದೆರಡು ವಾರ ಕಳೆದ ಮೇಲೆ ಕೈಕಾಲಿನ ನರಗಳು ಕೆಲಸ ಬಿಡುತ್ತಾ ಬರುತ್ತವೆ. 2025ರ ಜನವರಿಯಲ್ಲಿ ಪುಣೆಯಲ್ಲಿ ಒಟ್ಟಿಗೆ ತುಂಬಾ ಜನರಿಗೆ ಬಂತಲ್ಲ, ಅದೇ. ಅಲ್ಲಿ ಶುರುವಾಗಿದ್ದು ಹೊಟ್ಟೆಯ ಸೋಂಕಿನಿಂದ. ನಮ್ಮ ಮನೆಯಲ್ಲಿ ಬಂದದ್ದು ಕೆಮ್ಮಿನ ಹಿಂದೆ.

ಕಾಯಿಲೆ ಬಿದ್ದವರು ನನ್ನ ಚಿಕ್ಕಮ್ಮ, ಅರಸೀಕೆರೆ ಕಡೆಯವರು. ಕೆಮ್ಮು ಬಿಟ್ಟು ಹತ್ತು ದಿನಕ್ಕೆ ಫೋನಿನಲ್ಲಿ ‘ಪಾದ ಎರಡೂ ಜೋಮು ಹಿಡ್ಕಂಡವೆ ಕಣೇ’ ಅಂದರು. ನಾನು ‘ಕಾಲು ಮಡಚಿ ಕೂರಬೇಡಿ’ ಅಂದೆ. ಇವತ್ತಿಗೂ ಆ ಮಾತು ನನ್ನನ್ನು ಬಿಟ್ಟಿಲ್ಲ. ಜೋಮು ಅನ್ನುವ ಪದದೊಳಗೇ ‘ಹೋಗುತ್ತೆ ಬಿಡು’ ಅನ್ನುವ ಸಮಾಧಾನ ಇದೆ. ಕಾಲು ಒದರಿದರೆ ಬಿಡುವಂಥದ್ದು ಜೋಮು. ಎರಡೂ ಪಾದದಲ್ಲಿ ಒಟ್ಟಿಗೆ ಶುರುವಾಗಿ, ಬಿಡದೆ, ದಿನದಿನಕ್ಕೆ ಮೇಲಕ್ಕೆ ಹತ್ತುವ ಜೋಮಿಗೆ ನಮ್ಮಲ್ಲಿ ಬೇರೆ ಪದ ಇದೆಯಾ? ‘ಮರಗಟ್ಟು’ ಅನ್ನಬಹುದು. ಆದರೆ ಮರಗಟ್ಟಿದರೆ ಮುಟ್ಟಿದ್ದೇ ಗೊತ್ತಾಗುವುದಿಲ್ಲ. ಇಲ್ಲಿ ಹಾಗಲ್ಲ. ಮೊದಮೊದಲು ಇರುವೆ ಹರಿದ ಹಾಗೆ ಇರುತ್ತದೆ. ಮುಟ್ಟಿದರೆ ಗೊತ್ತಾಗುತ್ತದೆ.

ಎರಡು ದಿನ ಬಿಟ್ಟು ಊರಿನ ಕ್ಲಿನಿಕ್ಕಿಗೆ ಹೋದರು. ಡಾಕ್ಟರ್ ‘ವೀಕ್ನೆಸ್ ಇದೆಯಾ’ ಅಂತ ಕೇಳಿದರು. ಚಿಕ್ಕಮ್ಮ ‘ಹೂಂ, ತುಂಬಾ ವೀಕ್ನೆಸ್ಸು’ ಅಂದರು. ಟಾನಿಕ್ ಬರೆದುಕೊಟ್ಟರು. ಇದರಲ್ಲಿ ಯಾರ ತಪ್ಪನ್ನೂ ಹುಡುಕುತ್ತಿಲ್ಲ. ಕನ್ನಡಕ್ಕೆ ಬಂದ ಮೇಲೆ ಆ ಪದದ ಅರ್ಥವೇ ಬದಲಾಗಿದೆ. ನಮಗೆ ವೀಕ್ನೆಸ್ಸು ಅಂದರೆ ಸುಸ್ತು. ಡಾಕ್ಟರ್ ಕೇಳಬೇಕಾಗಿದ್ದು ಕಾಲಿನ ಕಸುವು ಹೋಗಿದೆಯಾ ಅಂತ. ‘ಕೂತಲ್ಲಿಂದ ಕೈ ಊರದೆ ಏಳ್ತೀರಾ’ ಅಂತ ಒಂದು ಮಾತು ಕೇಳಿದ್ದರೆ ಗೊತ್ತಾಗುತ್ತಿತ್ತು. ಕಸುವು, ತ್ರಾಣ, ಸೋಲು: ಇಷ್ಟು ಒಳ್ಳೆಯ ಪದಗಳು ಇದ್ದೂ ಅವನ್ನು ಆಸ್ಪತ್ರೆಯೊಳಗೆ ಯಾರೂ ಬಳಸುವುದಿಲ್ಲ.

ಬೆಂಗಳೂರಿಗೆ ಕರೆತಂದಾಗ ಚಿಕ್ಕಮ್ಮನಿಗೆ ನಿಲ್ಲಲು ಆಗುತ್ತಿರಲಿಲ್ಲ. ಮಂಡಿಗೆ ಸುತ್ತಿಗೆಯಲ್ಲಿ ತಟ್ಟಿದರೆ ಕಾಲು ಒಂದಿಷ್ಟೂ ಜಿಗಿಯಲಿಲ್ಲ. ಜಿಬಿಎಸ್ ಅಂದರು. ಮನೆಯವರಿಗೆ ಅರ್ಥವಾಗಲಿಲ್ಲ. ಅಲ್ಲಿದ್ದ ಯಾರೋ ‘ಒಂಥರಾ ಪಾರ್ಶ್ವವಾಯು’ ಅಂತ ಕನ್ನಡ ಮಾಡಿ ಹೇಳಿದರು. ನನ್ನ ಮೊದಲ ಪ್ರಶ್ನೆ ಈ ಪದದ್ದೇ.

ಪಾರ್ಶ್ವ ಅಂದರೆ ಪಕ್ಕ, ಒಂದು ಮಗ್ಗುಲು. ಮೆದುಳಿನ ರಕ್ತನಾಳ ಕಟ್ಟಿಯೋ ಒಡೆದೋ ಮೈಯ ಒಂದು ಕಡೆ ಬಿದ್ದುಹೋದರೆ ಅದು ಪಾರ್ಶ್ವವಾಯು. ಜಿಬಿಎಸ್‌ನಲ್ಲಿ ತೊಂದರೆ ಮೆದುಳಿನದ್ದಲ್ಲ. ಬೆನ್ನುಹುರಿಯಿಂದ ಹೊರಟು ಕೈಕಾಲಿಗೆ ಹರಿಯುವ ನರಗಳದ್ದು. ಎರಡೂ ಕಡೆ ಒಟ್ಟಿಗೆ ಆಗುತ್ತದೆ. ಇದು ಬರೀ ಪದದ ಹಟ ಅಂತ ನಿಮಗೆ ಅನಿಸಬಹುದು. ಆದರೆ ಪಾರ್ಶ್ವವಾಯು ಅಂದ ತಕ್ಷಣ ಚಿಕ್ಕಪ್ಪ ಕುಸಿದು ಕೂತರು. ಅವರಣ್ಣ ಲಕ್ವ ಹೊಡೆದು ಹಾಸಿಗೆ ಹಿಡಿದವರು ಏಳಲೇ ಇಲ್ಲ. ಜಿಬಿಎಸ್ ಹಾಗಲ್ಲ. ಎರಡು ವಾರ, ಹೆಚ್ಚೆಂದರೆ ನಾಲ್ಕು ವಾರ ಏರಿ ನಿಲ್ಲುತ್ತದೆ, ಆಮೇಲೆ ಇಳಿಯುತ್ತದೆ. ಆರು ತಿಂಗಳಿಗೆ ನೂರರಲ್ಲಿ ಸುಮಾರು 80 ಮಂದಿ ಯಾರ ಆಸರೆ ಇಲ್ಲದೆ ನಡೆಯುತ್ತಾರೆ. ಅಪಾಯ ಇರುವುದು ಆ ಏರುವ ದಿನಗಳಲ್ಲಿ. ನಾಲ್ಕೈದು ಜನರಲ್ಲಿ ಒಬ್ಬರಿಗೆ ಉಸಿರಾಟದ ಸ್ನಾಯುಗಳೂ ಸೋತು ವೆಂಟಿಲೇಟರ್ ಬೇಕಾಗುತ್ತದೆ. ಹಾಗಾಗಿ ‘ಇನ್ನೇನು ಮಾಡಕ್ಕಾಗಲ್ಲ, ಎಣ್ಣೆ ತಿಕ್ಕಿಸೋಣ’ ಅಂತ ಊರಿಗೆ ವಾಪಸ್ ಕರೆದುಕೊಂಡು ಹೋಗಲೇಬಾರದ ದಿನಗಳು ಅವು. ತಪ್ಪು ಪದ ಕೇಳಿದವರು ಅದನ್ನೇ ಮಾಡುತ್ತಾರೆ. ನಮ್ಮವರೂ ಕಾರು ಮಾತಾಡಿದ್ದರು.

ಲಕ್ವ ಪದದ ಕಥೆ ಇನ್ನೂ ಸ್ವಾರಸ್ಯದ್ದು. ಅರಬ್ಬಿಯಿಂದ ಬಂದ ಪದ. ಯುನಾನಿಯಲ್ಲಿ ಅದು ಮುಖ ಸೊಟ್ಟಗಾಗುವ ಕಾಯಿಲೆಗೆ ಮಾತ್ರ. ಮೈ ಬಿದ್ದುಹೋಗುವುದಕ್ಕೆ ಅಲ್ಲಿ ಫಾಲಿಜ್ ಅಂತ ಬೇರೆಯೇ ಪದ ಇದೆ. ನಾವು ಲಕ್ವವನ್ನು ಇಡೀ ಮೈಗೆ ಎಳೆದುಕೊಂಡೆವು. ಜಿಬಿಎಸ್‌ನಲ್ಲಿ ಮುಖದ ನರವೂ ಸೋಲಬಹುದು, ಎಷ್ಟೋ ಸಲ ಎರಡೂ ಕಡೆ. ಎರಡೂ ಕಡೆ ಒಂದೇ ಸಮ ಸೋತರೆ ಬಾಯಿ ಸೊಟ್ಟ ಆಗುವುದೇ ಇಲ್ಲ! ಚಿಕ್ಕಮ್ಮನ ಮುಖ ನೆಟ್ಟಗೇ ಇತ್ತು. ನಗು ಮಾತ್ರ ಬರುತ್ತಿರಲಿಲ್ಲ. ಕಣ್ಣು ಪೂರ್ತಿ ಮುಚ್ಚುತ್ತಿರಲಿಲ್ಲ. ನೀರು ಕುಡಿದರೆ ಎರಡೂ ಕಟಬಾಯಿಂದ ಸೋರುತ್ತಿತ್ತು. ನೋಡಲು ಬಂದವರು ‘ಬೇಜಾರು ಮಾಡ್ಕಂಡವ್ರೆ, ಮಾತೇ ಆಡಲ್ಲ’ ಅಂದುಕೊಂಡು ಹೋದರು.

ಇದಕ್ಕೆ ಪದ ಕಟ್ಟುವುದಾದರೆ ದಾರಿ ಹಳೆಯ ಹೆಸರಿನಲ್ಲೇ ಇದೆ ಅನಿಸುತ್ತದೆ. 1916ರಲ್ಲಿ ಗಿಯಾಂ, ಬಾರೆ, ಸ್ಟ್ರೋಲ್ ಎಂಬ ಮೂವರು ಫ್ರೆಂಚ್ ವೈದ್ಯರು ಇಬ್ಬರು ಸೈನಿಕರಲ್ಲಿ ಇದನ್ನು ಕಂಡು ಬರೆದರು. ಬೆನ್ನಿನ ನೀರು ತೆಗೆದು ನೋಡಿದರೆ ಅದರಲ್ಲಿ ಪ್ರೋಟೀನ್ ಜಾಸ್ತಿ ಇತ್ತು, ಜೀವಕೋಶಗಳು ಜಾಸ್ತಿ ಇರಲಿಲ್ಲ. ಸ್ಟ್ರೋಲ್ ಹೆಸರು ಆಮೇಲೆ ಬಿಟ್ಟುಹೋಯಿತು. ಆದರೆ ಅದಕ್ಕೂ ಮುಂಚೆ, 1859ರಲ್ಲೇ, ಲಾಂದ್ರಿ ಎಂಬ ಇನ್ನೊಬ್ಬ ಫ್ರೆಂಚ್ ವೈದ್ಯ ಇಂಥದೇ ಕಾಯಿಲೆಗೆ ‘ಮೇಲಕ್ಕೇರುವ ಸೋಲು’ ಅನ್ನುವ ಅರ್ಥದ ಹೆಸರು ಕೊಟ್ಟಿದ್ದ. ಅದು ಹೋಗುವ ದಾರಿಯನ್ನೇ ಹೆಸರಾಗಿಸಿದ್ದ. ನಮ್ಮ ಜನರೂ ಹೀಗೇ ಅಲ್ವಾ ಹೆಸರಿಡುವುದು? ಸರ್ಪಸುತ್ತು, ಆನೆಕಾಲು, ನಾಯಿಕೆಮ್ಮು. ಕಂಡದ್ದು, ಕೇಳಿದ್ದು ಹೆಸರಾಗಿದೆ. ಹಾಗಾದರೆ ‘ಏರುಸೋಲು’ ಅನ್ನಬಹುದೇ? ಹೆಚ್ಚಿನವರಿಗೆ ಒಪ್ಪುತ್ತದೆ. ಕಣ್ಣಿನಿಂದ ಶುರುವಾಗಿ, ಒಬ್ಬರು ಇಬ್ಬರಾಗಿ ಕಂಡು, ನಡಿಗೆ ತೂರಾಡುವ ಇನ್ನೊಂದು ಬಗೆ ಇದೆ. ಮಿಲ್ಲರ್ ಫಿಶರ್ ಎಂಬ ವೈದ್ಯ 1956ರಲ್ಲಿ ಬರೆದದ್ದು. ಅದಕ್ಕೆ ಈ ಹೆಸರು ಒಪ್ಪುವುದಿಲ್ಲ. ‘ಏರು’ ಕೇಳಿದವರಿಗೆ ನೇಗಿಲೂ ನೆನಪಾಗಬಹುದು. ನಿಮಗೇನನ್ನಿಸುತ್ತದೆ?

ಎರಡನೆಯ ಪದ ಆಟೋಇಮ್ಯೂನ್. ರೋಗ ತಡೆಯಬೇಕಾದ ಮೈಯ ಕಾವಲು ಮೈಯ ಮೇಲೇ ಬೀಳುವ ಕಾಯಿಲೆಗಳಿಗೆ ಹಾಗನ್ನುತ್ತಾರೆ, ಜಿಬಿಎಸ್ ಅಂಥದ್ದೊಂದು. ನನಗೆ ಜಾಸ್ತಿ ಕಾಡುತ್ತಿರುವುದು ಇದೇ.

ಕನ್ನಡದಲ್ಲಿ ‘ಸ್ವಯಂ ನಿರೋಧಕ ಕಾಯಿಲೆ’ ಅಂತ ಬರೆಯುವುದನ್ನು ನೋಡಿದ್ದೇನೆ. ಸ್ವಯಂಸೇವಕ ಅಂದರೆ ತಾನಾಗಿ ಸೇವೆ ಮಾಡುವವನು. ಸ್ವಯಂಚಾಲಿತ ಅಂದರೆ ತಾನಾಗಿ ಓಡುವುದು. ಹಾಗಾದರೆ ಸ್ವಯಂ ನಿರೋಧಕ ಅಂದರೆ ತಾನಾಗಿ ರೋಗ ತಡೆಯುವುದು, ಒಳ್ಳೆಯ ಗುಣವೇ ಆಯಿತು. ‘ತನಗೆ ತಾನೇ ಎದುರು’ ಅನ್ನುವ ಅರ್ಥ ಅಲ್ಲಿ ಬರುವುದೇ ಇಲ್ಲ. ಕೇಳಿದವರ ಕಿವಿಯಲ್ಲಿ ‘ನಿರೋಧಕ’ ಮಾತ್ರ ಉಳಿಯುತ್ತದೆ. ‘ರೋಗನಿರೋಧಕ ಶಕ್ತಿ ಕಡಿಮೆ ಆಗಿದೆಯಂತೆ’ ಅಂತ ನಮ್ಮ ಮನೆಗೆ ಮೂರು ಜನ ಕಷಾಯ ತಂದರು.

ವಿವರಿಸಿ ಹೇಳಲು ಹೊರಟರೆ ಎಲ್ಲರ ಬಾಯಿಗೂ ‘ಬೇಲಿಯೇ ಎದ್ದು ಹೊಲ ಮೇಯ್ದ ಹಾಗೆ’ ಅನ್ನುವ ಗಾದೆ ಬರುತ್ತದೆ. ನಾನೂ ಅದನ್ನೇ ಹೇಳಿದೆ. ಚಿಕ್ಕಮ್ಮ ಸುಮಾರು ಹೊತ್ತು ಸುಮ್ಮನಿದ್ದು, ‘ಅಂದ್ರೆ ನನ್ನ ಮೈಯೇ ನಂಗೆ ದ್ರೋಹ ಮಾಡ್ತಾ? ನಾನೇನು ಪಾಪ ಮಾಡಿದ್ದೆ?’ ಅಂದರು. ಆಗ ಗೊತ್ತಾಯಿತು. ಆ ಗಾದೆಯಲ್ಲಿ ನಂಬಿಕೆದ್ರೋಹ ಇದೆ. ಕಾಯಿಲೆಯಲ್ಲಿ ಅದಿಲ್ಲ. ಆಗುವುದು ಬೇರೆ. ಸೋಂಕಿನ ಜೀವಿಯ ಹೊರಮೈಯ ಕೆಲವು ಭಾಗಗಳು ನಮ್ಮ ನರದ ಹೊರಮೈಯ ಕೆಲವು ಭಾಗಗಳನ್ನು ಹೋಲುತ್ತವೆ. ಪುಣೆಯಲ್ಲಿ ಸಿಕ್ಕ ಬ್ಯಾಕ್ಟೀರಿಯಾ ಕ್ಯಾಂಪೈಲೋಬ್ಯಾಕ್ಟರ್‌ನಲ್ಲಿ ಈ ಹೋಲಿಕೆ ಚೆನ್ನಾಗಿ ಗೊತ್ತಾಗಿದೆ. ಕೆಮ್ಮು ತರುವ ಮೈಕೋಪ್ಲಾಸ್ಮಾದ ವಿಷಯದಲ್ಲೂ ಇಂಥ ಸುಳಿವು ಸಿಕ್ಕಿದೆ. ಸೋಂಕನ್ನು ಹಿಡಿಯಲು ಹೊರಟ ಪ್ರತಿಕಾಯಗಳು ಹೋಲಿಕೆ ನೋಡಿ ನರದ ಮೇಲೆ ಬೀಳುತ್ತವೆ. ಇದು ಗುರುತು ತಪ್ಪಿದ್ದು.

ಮಾರನೆಯ ದಿನ ಹಾಗೇ ಹೇಳಿದೆ. ‘ಕಾವಲಿನವರಿಗೆ ಗುರುತು ತಪ್ಪಿದೆ ಚಿಕ್ಕಮ್ಮ.’ ಅವರಿಗೆ ತಕ್ಷಣ ಹೊಳೆಯಿತು. ‘ಮಳೇಲಿ ಕಂಬಳಿ ಕೊಪ್ಪೆ ಹಾಕ್ಕಂಡು ಬಂದ ನಿಮ್ಮ ಚಿಕ್ಕಪ್ಪನ ಮೇಲೆ ನಮ್ಮ ನಾಯಿ ಬಿತ್ತಲ್ಲ, ಹಂಗೆ.’ ಎಷ್ಟು ಸರಿಯಾದ ಹೋಲಿಕೆ! ಜಿಬಿಎಸ್ ಬಂದವರಲ್ಲಿ ಹೆಚ್ಚಿನವರಿಗೆ ಅದು ಮತ್ತೆ ಬರುವುದಿಲ್ಲ. ಆ ನಾಯಿಯೂ ಮತ್ತೆ ಬೀಳಲಿಲ್ಲ.

ಅದಕ್ಕೇ ‘ಗುರುತುತಪ್ಪು ಕಾಯಿಲೆ’ ಅನ್ನುವ ಪದ ನನ್ನ ಮನಸ್ಸಿನಲ್ಲಿದೆ. ಸಂಧಿವಾತದಂಥ, ವರ್ಷಗಟ್ಟಲೆ ಕಾಡುವ ಆಟೋಇಮ್ಯೂನ್ ಕಾಯಿಲೆಗಳಿಗೂ ಇದು ಹೊಂದುತ್ತದಾ? ಅಲ್ಲಿ ಗುರುತು ಮತ್ತೆ ಮತ್ತೆ ತಪ್ಪುತ್ತಲೇ ಇರುತ್ತದೆ.

ಇನ್ನೊಂದು ಸಣ್ಣ ವಿಷಯ. ಇದಕ್ಕೆ ಎರಡು ಚಿಕಿತ್ಸೆ ಇವೆ. ಒಂದು, ದಾನಿಗಳ ರಕ್ತದಿಂದ ತೆಗೆದ ಇಮ್ಯುನೋಗ್ಲಾಬ್ಯುಲಿನ್, ಅಂದರೆ ಪ್ರತಿಕಾಯಗಳನ್ನು, ಐದು ದಿನ ಡ್ರಿಪ್ಪಿನಲ್ಲಿ ಕೊಡುವುದು. ಇನ್ನೊಂದು, ರಕ್ತದ ಪ್ಲಾಸ್ಮಾ, ಅಂದರೆ ತಿಳಿಯ ಭಾಗ, ತೆಗೆದು ಬದಲಿ ತುಂಬುವುದು. ಎರಡನೆಯದಕ್ಕೆ ವಾರ್ಡಿನಲ್ಲಿ ‘ರಕ್ತ ತೊಳೆಯೋದು’ ಅನ್ನುತ್ತಾರೆ. ಡಯಾಲಿಸಿಸ್‌ಗೂ ಅದೇ ಮಾತು. ಪಕ್ಕದ ಹಾಸಿಗೆಯವರ ಮಗ ‘ಅಪ್ಪನ ಕಿಡ್ನಿಯೂ ಹೋಯ್ತಾ’ ಅಂತ ಅತ್ತಿದ್ದನ್ನು ನೋಡಿದ್ದೇನೆ. ‘ತಿಳಿ ಬದಲಿಸುವುದು’ ಅಂದರೆ ಆದೀತೇ?

ಚಿಕ್ಕಮ್ಮ ಈಗ ಕೋಲು ಹಿಡಿದು ಹಿತ್ತಿಲವರೆಗೆ ಹೋಗುತ್ತಾರೆ. ಫಿಸಿಯೋಥೆರಪಿ ಮಾಡುವ ಗೆಳತಿಯೊಬ್ಬಳ ಜೊತೆ ಸೇರಿ, ರೋಗಿಯ ಮನೆಯವರಿಗೆ ಕೊಡಲು ಒಂದು ಪುಟದ ಕೈಪತ್ರ ಬರೆಯುತ್ತಿದ್ದೇನೆ. ಅದಕ್ಕೇ ಇಷ್ಟೆಲ್ಲ ಕೇಳುತ್ತಿದ್ದೇನೆ. ಮೊದಲ ಸಾಲಿಗೇ ಆ ಬಿಡದ, ಮೇಲಕ್ಕೆ ಹತ್ತುವ ಜೋಮಿನ ಪದ ಬೇಕು. ಧಾರವಾಡ, ಕಲಬುರಗಿ, ಕುಂದಾಪುರ, ಕೊಳ್ಳೇಗಾಲ, ನೀವು ಯಾವ ಕಡೆಯವರಾದರೂ ಸರಿ, ಮನೆಯ ಹಿರಿಯರನ್ನು ಒಮ್ಮೆ ಕೇಳಿ ನೋಡಿ. ನಿಘಂಟಿನಲ್ಲಿ ಇರುವುದನ್ನು ನಾನು ನೋಡಿಕೊಂಡಿದ್ದೇನೆ. ಅವರ ಬಾಯಲ್ಲಿ ಬಂದ ಹಾಗೇ ಬರೆದು ಕಳಿಸಿ.