ಓದುಗರ ಸ್ಪಂದನ: ಮುಗಿಯದ ಆ್ಯಪ್, ಮುಗಿಯುತ್ತಿರುವ ದುಡ್ಡು

ಸಮಸ್ಯೆ: ನಾವು ಮೂವರು ಗೆಳೆಯರು ಸ್ಟಾರ್ಟಪ್ ಶುರು ಮಾಡಿ ಒಂಬತ್ತು ತಿಂಗಳಾಯಿತು. ಸಣ್ಣ ಅಂಗಡಿಗಳ ಸ್ಟಾಕು, ಲೆಕ್ಕ ನೋಡಿಕೊಳ್ಳುವ ಆ್ಯಪ್ ಮಾಡುತ್ತಿದ್ದೇವೆ. ಒಬ್ಬ ಪಾಲುದಾರ ವಾರಕ್ಕೊಂದು ಹೊಸ ಫೀಚರ್ ಸೇರಿಸುತ್ತಾನೆ. ಬಿಡುಗಡೆ ಮುಂದಕ್ಕೆ ಹೋಗುತ್ತಲೇ ಇದೆ. ಕೈಯಲ್ಲಿರುವ ದುಡ್ಡು ಇನ್ನು ಐದು ತಿಂಗಳಿಗಾದರೆ ಹೆಚ್ಚು. ಏನು ಮಾಡಲಿ?

ನಿಮ್ಮ ಪತ್ರ ಓದುವಾಗ ನಮ್ಮ ಹಳೇ ಆಫೀಸೇ ಕಣ್ಣ ಮುಂದೆ ಬಂತು. ನಾವು ಗೋದಾಮುಗಳಿಗೆ ಇಂಥದ್ದೇ ಒಂದು ಆ್ಯಪ್ ಮಾಡಿದ್ದೆವು. ಹನ್ನೊಂದು ತಿಂಗಳು ಯಾರಿಗೂ ತೋರಿಸಲಿಲ್ಲ. ಕೊನೆಗೊಂದು ದಿನ ಗೋದಾಮಿನವರೊಬ್ಬರ ಪಕ್ಕ ಕೂತು ನೋಡಿದೆ. ಅವರು ಒಂದೇ ಬೆರಳಲ್ಲಿ ಟೈಪ್ ಮಾಡಿ ‘ಸೇವ್’ ಒತ್ತಿದರು. ಪರದೆ ಮೇಲೆ ಏನೂ ಬದಲಾಗಲಿಲ್ಲ. ಮತ್ತೆ ಒತ್ತಿದರು. ಇನ್ನೊಂದು ಸಲ. ಇಪ್ಪತ್ತು ಪೆಟ್ಟಿಗೆ ಅರವತ್ತಾಯಿತು! ಅವರು ಏನೂ ಅನ್ನಲಿಲ್ಲ. ಮೊಬೈಲ್ ಪಕ್ಕಕ್ಕಿಟ್ಟು, ಕಿವಿ ಮೇಲಿದ್ದ ಪೆನ್ನು ತೆಗೆದು ನೋಟ್‌ಬುಕ್ಕಿನಲ್ಲಿ ಬರೆದುಕೊಂಡರು. ನಾವು ಎರಡು ತಿಂಗಳು ಕೂತು ಮಾಡಿದ್ದ ಗ್ರಾಫ್ ಪುಟವನ್ನು ತೆರೆಯಲೂ ಇಲ್ಲ.

ಈಗ ಎಷ್ಟಾಗಿದೆಯೋ ಅಷ್ಟನ್ನೇ ಹಿಡಿದು ಈ ವಾರವೇ ಮೂರು ಅಂಗಡಿಗೆ ಹೋಗಿ. ಡೆಮೊ ಕೊಡಬೇಡಿ. ಫೋನು ಅವರ ಕೈಗೆ ಕೊಟ್ಟು ಸುಮ್ನೆ ಕೂತುಕೊಳ್ಳಿ. ಬಾಯಿ ಬಿಡದೆ ಕೂರುವುದು ಎಷ್ಟು ಕಷ್ಟ ಅಂತ ಆಗ ಗೊತ್ತಾಗುತ್ತದೆ. ‘ಚೆನ್ನಾಗಿದೆ’ ಅಂದರೆ ಹಿಗ್ಗಬೇಡಿ, ಎದುರಿಗೆ ಕೂತವರಿಗೆ ಎಲ್ಲರೂ ಹಾಗೇ ಅನ್ನುವುದು. ಮರುದಿನ ನೀವಿಲ್ಲದಾಗಲೂ ತೆರೆದರಾ ನೋಡಿ. ಇದಕ್ಕೆ ದುಡ್ಡು ಕೊಡ್ತೀರಾ ಅಂತ ಆಗಲೇ ಕೇಳಿಬಿಡಿ, ಸಂಕೋಚ ಬೇಡ.
- ಸ್ಟಾರ್ಟಪ್ ಮುಚ್ಚಿ ಕೆಲಸಕ್ಕೆ ಸೇರಿದ ಓದುಗ

ಆನ್‌ಲೈನ್‌ನಲ್ಲಿ ಶೂ ಮಾರುವ ಅಮೆರಿಕದ ಕಂಪನಿ ಜಾಪೋಸ್ ಶುರುವಾದ ಬಗೆ ನಿಮ್ಮ ಪಾಲುದಾರರಿಗೆ ಹೇಳಿ. 1999ರಲ್ಲಿ ಅದರ ಸ್ಥಾಪಕ ನಿಕ್ ಸ್ವಿನ್‌ಮರ್ನ್ ಶೂ ದಾಸ್ತಾನು ಮಾಡಿಕೊಂಡು ಕೂರಲಿಲ್ಲ. ಅಂಗಡಿಗೆ ಹೋಗಿ ಶೂಗಳ ಫೋಟೋ ತೆಗೆದು ವೆಬ್‌ಸೈಟಿಗೆ ಹಾಕಿದರು. ಆರ್ಡರ್ ಬಂದರೆ ಅದೇ ಅಂಗಡಿಯಲ್ಲಿ ಪೂರ್ತಿ ಬೆಲೆ ಕೊಟ್ಟು ಕೊಂಡು ಕಳಿಸುತ್ತಿದ್ದರು. ಲಾಭವಿಲ್ಲ, ಆದರೆ ಜನ ನೋಡದೆ ಶೂ ಕೊಳ್ಳುತ್ತಾರೆ ಅಂತ ಗೊತ್ತಾಯಿತು. ನೀವೂ ಹಾಗೇ ಮಾಡಬಹುದು. ಆ್ಯಪ್‌ನಲ್ಲಿ ತಿಂಗಳ ವರದಿ ಬೇಕೇ ಬೇಕು ಅಂತ ಪಾಲುದಾರರು ಅನ್ನುತ್ತಾರಾ? ಕೋಡ್ ಬರೆಯುವ ಮೊದಲು ನೀವೇ ಎಕ್ಸೆಲ್‌ನಲ್ಲಿ ಮಾಡಿ ಮೂರು ಅಂಗಡಿಗೆ ಕಳಿಸಿ. ಮುಂದಿನ ತಿಂಗಳು ‘ಎಲ್ಲಿ ವರದಿ?’ ಅಂತ ಅವರಾಗೇ ಕೇಳಿದರೆ ಆಮೇಲೆ ಕೋಡ್.
- ಒಬ್ಬ ಪ್ರಾಡಕ್ಟ್ ಮ್ಯಾನೇಜರ್

ಬೇಗ ಬಿಡಿ ಅಂತ ಎಲ್ಲರೂ ಹೇಳುತ್ತಾರೆ, ಸರಿ. ಆದರೆ ಇದು ಲೆಕ್ಕದ ಆ್ಯಪ್ ಅಲ್ವಾ? ಒಂದು ಸಲ ಮೊತ್ತ ತಪ್ಪು ತೋರಿಸಿದರೆ ಅಂಗಡಿಯವರು ಮತ್ತೆ ಅದನ್ನು ನಂಬುವುದಿಲ್ಲ. ಫೀಚರ್ ಎಷ್ಟು ಬೇಕಾದರೂ ಕಡಿಮೆ ಮಾಡಿ. ಬ್ಯಾಕಪ್ ಇಲ್ಲದೆ ಮಾತ್ರ ಯಾರ ಕೈಗೂ ಕೊಡಬೇಡಿ.
- ಲೆಕ್ಕ ಬರೆಯುವವಳು

ನಿಮ್ಮ ಪಾಲುದಾರನ ಜಾಗದಲ್ಲಿ ನಾನಿದ್ದೆ. ಫೀಚರ್ ಮೇಲಿನ ಪ್ರೀತಿಗಿಂತ ಭಯವೇ ಜಾಸ್ತಿ ಇತ್ತು. ಬಿಡುಗಡೆ ಆಗದಿದ್ದರೆ ಯಾರೂ ಬೇಡ ಅನ್ನುವ ಹಾಗಿಲ್ಲವಲ್ಲ! ಅವರ ಹತ್ತಿರ ವಾದ ಮಾಡಬೇಡಿ. ಆ ಮೂರು ಅಂಗಡಿಗೆ ಅವರನ್ನೇ ಕರೆದುಕೊಂಡು ಹೋಗಿ, ಫೋನು ಅವರೇ ಕೊಡಲಿ.
- ಹೆಸರು ಬೇಡ