ಕೈಲ್ ಪೊಳ್ದ್ ತೆಂಗಿನಕಾಯಿ ಸ್ಪರ್ಧೆ: ಕೋವಿ ಸುರಕ್ಷತೆಯ ಪ್ರಶ್ನೋತ್ತರ

ಗುಂಪಿನ ನಿರ್ವಾಹಕರು: ಸೆಪ್ಟೆಂಬರ್ 3ರ ಕೈಲ್ ಪೊಳ್ದ್, ಅಂದರೆ ಕೊಡವರ ಆಯುಧ ಪೂಜೆಯ ಹಬ್ಬ, ಹತ್ತಿರವಾಗಿದೆ. ಕೊಡಗಿನ ಊರೂರಿನಲ್ಲಿ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆ ನಡೆಯಲಿದೆ. ಸೇನೆಯಲ್ಲಿ ಆಯುಧ ದುರಸ್ತಿಯ ಕೆಲಸದಲ್ಲಿದ್ದು ನಿವೃತ್ತರಾದ, ಈಗ ಸ್ಪರ್ಧಾ ಮೈದಾನಗಳ ಉಸ್ತುವಾರಿ ವಹಿಸುವ ಸುಬೇದಾರ್ ಸರ್ ಇಂದು ಪ್ರಶ್ನೆಗಳಿಗೆ ಉತ್ತರಿಸುತ್ತಾರೆ.

ಮಡಿಕೇರಿಯ ಸದಸ್ಯೆ: ಸರ್, ಮಕ್ಕಳನ್ನು ಸ್ಪರ್ಧೆ ನೋಡಲು ಕರೆದೊಯ್ಯುತ್ತೇವೆ. ಕಿವಿಗೆ ಹತ್ತಿ ಇಟ್ಟರೆ ಸಾಕೇ?

ಸುಬೇದಾರ್: ಸಾಲದು. ಇಯರ್ ಮಫ್ ಹಾಕಿಸಿ, ಗುಂಡು ಹೊಡೆಯುವವರ ಸಾಲಿಗಿಂತ ಸಾಕಷ್ಟು ಹಿಂದೆ ನಿಲ್ಲಿಸಿ.

ನಾಪೋಕ್ಲಿನ ಸದಸ್ಯ: ನಮ್ಮ ಐನ್‌ಮನೆಯಲ್ಲಿ (ಕುಟುಂಬದ ಮೂಲಮನೆಯಲ್ಲಿ) ಅಜ್ಜನ ಕಾಲದ 12 ಬೋರಿನ ಜೋಡುನಳಿಕೆ ಕೋವಿ ಇದೆ. ಕಳೆದ ವರ್ಷ ಪೂಜೆ ಮುಗಿದ ಮೇಲೆ ನಳಿಕೆಯ ಬಾಯಿಗೆ ಸಿಕ್ಕಿಸಿದ್ದ ತೋಕ್ ಪೂ ಎಂಬ ಹೂವನ್ನು ಕಿತ್ತು ನೇರವಾಗಿ ಮೈದಾನಕ್ಕೆ ಒಯ್ದೆವು. ಬಲನಳಿಕೆಯ ಮೊದಲ ಈಡು ‘ಟುಸ್’ ಎಂದಿತು, ಭುಜಕ್ಕೆ ಒದೆತವೇ ಬರಲಿಲ್ಲ. ಚಿಕ್ಕಪ್ಪ ಅದೇ ನಳಿಕೆಗೆ ಇನ್ನೊಂದು ತೋಟಾ ಹಾಕಿ ಹೊಡೆದಾಗ ಸದ್ದು ಜೋರಾಗಿಯೇ ಬಂದು ಕಾಯಿ ಒಡೆಯಿತು. ಈಗ ಎಣ್ಣೆಬಟ್ಟೆಯಿಂದ ಒರೆಸುವಾಗ ಬಲನಳಿಕೆಯ ನಡುವೆ ಬೆರಳಿಗೆ ಬಳೆಯಂತಹ ಉಬ್ಬು ತಾಗುತ್ತಿದೆ. ಈ ಸಲ ಎಡನಳಿಕೆಯನ್ನು ಮಾತ್ರ ಬಳಸಬಹುದೇ?

ಸುಬೇದಾರ್: ಬಳಸಬಾರದು. ನಿಮ್ಮ ಪ್ರಶ್ನೆಯನ್ನು ಮೂರು ಸಲ ಓದಿದೆ. ಮಳೆಗಾಲದ ತೇವ ಹಿಡಿದ ತೋಟಾದ ಮದ್ದು ಪೂರ್ತಿ ಉರಿಯದಿದ್ದರೆ, ಚರೆಯ ಹಿಂದಿನ ಬಿರಡೆ, ಕೆಲವೊಮ್ಮೆ ಚರೆಯೂ, ನಳಿಕೆಯಲ್ಲೇ ಉಳಿಯುತ್ತದೆ. ಸಣ್ಣ ಸದ್ದು ಮತ್ತು ಇಲ್ಲದ ಒದೆತ ಅದರದೇ ಲಕ್ಷಣ. ಆ ಅಡ್ಡಿಯ ಹಿಂದೆ ಎರಡನೆಯ ಈಡು ಬಿದ್ದಾಗ ಒತ್ತಡ ತಾಳದೆ ಉಕ್ಕು ಹಿಗ್ಗಿದೆ, ನಿಮ್ಮ ಬೆರಳಿಗೆ ಸಿಕ್ಕ ಬಳೆ ಅದು. ಉಕ್ಕು ಹಿಗ್ಗುವ ಬದಲು ಸೀಳಿದ್ದರೆ ನಳಿಕೆಯ ಕೆಳಗಿದ್ದ ಚಿಕ್ಕಪ್ಪನ ಎಡಗೈ ಹೋಗುತ್ತಿತ್ತು. ಎರಡೂ ನಳಿಕೆಗಳನ್ನು ಪಟ್ಟಿಗಳಿಂದ ಒಟ್ಟಿಗೆ ಬೆಸೆದಿರುವುದರಿಂದ ಒಂದು ಉಬ್ಬಿದರೆ ಇನ್ನೊಂದರ ಬೆಸುಗೆಯೂ ಸಡಿಲಾಗಿರಬಹುದು. ನಳಿಕೆಯ ಮೇಲೆ ಮರದ ನಾರಿನಂತೆ ಸುರುಳಿ ಗೆರೆಗಳಿವೆಯೇ ನೋಡಿ. ಇದ್ದರೆ ಅದು ಕರಿಮದ್ದಿನ ಕಾಲದ ಡಮಾಸ್ಕಸ್ ನಳಿಕೆ, ಈಗಿನ ತೋಟಾಗಳ ಒತ್ತಡಕ್ಕೆ ಮಾಡಿದ್ದಲ್ಲ. ಪರವಾನಗಿ ಇರುವ ದುರಸ್ತಿಗಾರರಿಗೆ ಒಯ್ದು ತೋರಿಸಿ.

ನನ್ನನ್ನು ಹೆಚ್ಚು ಕಾಡುವುದು ಪೂಜೆಯ ಕೋಣೆಯಿಂದ ಮೈದಾನದವರೆಗಿನ ದಾರಿ. ಹೂವಿನ ತೊಟ್ಟು ಮುರಿದು ಒಳಗೆ ಉಳಿಯಬಹುದು, ಗೋಡೆಗೆ ತೂಗಿಟ್ಟ ಕೋವಿಯಲ್ಲಿ ಕಣಜ ಮಣ್ಣಿನ ಗೂಡು ಕಟ್ಟಿರಬಹುದು. ಕೋವಿಯನ್ನು ಮಡಿಚಿ ತೆರೆದು, ತೋಟಾ ಇಲ್ಲವೆಂದು ಖಚಿತಪಡಿಸಿಕೊಂಡು, ಹಿಂಬದಿಯಿಂದ ಬೆಳಕಿನ ಕಡೆಗೆ ನೋಡಿದರೆ ಎರಡೂ ನಳಿಕೆಗಳಲ್ಲಿ ಪೂರ್ತಿ ದುಂಡನೆಯ ಬೆಳಕು ಕಾಣಬೇಕು.

ಕುಶಾಲನಗರದ ಸದಸ್ಯ: ನನಗೆ ಬಂದ ಫಾರ್ವರ್ಡ್ ಪ್ರಕಾರ ತೇವದ ತೋಟಾವನ್ನು ಒಲೆಯ ಮೇಲಿನ ಅಟ್ಟದಲ್ಲಿ ಒಂದು ವಾರ ಇಟ್ಟರೆ ಸರಿಹೋಗುತ್ತದೆ. ಉಬ್ಬಿಗೆ ಸೀಮೆಎಣ್ಣೆ ಸವರಿ ಮರದ ಸುತ್ತಿಗೆಯಿಂದ ತಟ್ಟಬೇಕಂತೆ.

ಸುಬೇದಾರ್: ಎರಡನ್ನೂ ಮಾಡಬೇಡಿ. ಮದ್ದು ತುಂಬಿದ ತೋಟಾವನ್ನು ಬೆಂಕಿಯ ಹತ್ತಿರ ಒಯ್ಯುವ ಸಲಹೆಯನ್ನು ಮುಂದೆ ಕಳಿಸುವ ಮೊದಲು ಅಡುಗೆಮನೆಯಲ್ಲಿ ಯಾರಿರುತ್ತಾರೆಂದು ಯೋಚಿಸಬೇಕಿತ್ತು. ಊದಿದ ತೋಟಾವನ್ನು ಮಾರಿದ ಅಂಗಡಿಗೇ ಒಪ್ಪಿಸಿ.

ಗೋಣಿಕೊಪ್ಪದ ಸದಸ್ಯ: ಹಳೆಯ ಜೋಡುನಳಿಕೆಗೆ ಈಗ ಎಷ್ಟು ಬೆಲೆ ಬರುತ್ತದೆ ಸರ್?

ಪೊನ್ನಂಪೇಟೆಯ ಸದಸ್ಯ: ನಮ್ಮ ಮೈದಾನದಲ್ಲಿ ಕಾಯಿಯನ್ನು ಕಂಬಕ್ಕೆ ಕಟ್ಟುತ್ತೇವೆ, ಹಿಂದೆ ಕಾಫಿ ತೋಟವಿದೆ. ಅಂದು ರಜೆ ಇರುವುದರಿಂದ ತೋಟದಲ್ಲಿ ಕೆಲಸದವರು ಇರುವುದಿಲ್ಲ.

ಸುಬೇದಾರ್: ಪಾಯಿಂಟ್ 22 ರೈಫಲಿನ ಗುಂಡು ಒಂದೂವರೆ ಕಿಲೋಮೀಟರ್ ಹೋಗಬಲ್ಲದು. ರಜೆಯಲ್ಲೂ ತೋಟದಾಚೆ ಕಾರ್ಮಿಕರ ಲೈನ್ ಮನೆಗಳಲ್ಲಿ ಜನ ಇರುತ್ತಾರೆ. ಕಾಯಿಯ ಹಿಂದೆ ಎತ್ತರದ ಮಣ್ಣಿನ ದಿಬ್ಬ ಇಲ್ಲದಿದ್ದರೆ ಸ್ಪರ್ಧೆಯ ಜಾಗ ಬದಲಾಯಿಸಿ.

ಮಡಿಕೇರಿಯ ಇನ್ನೊಬ್ಬ ಸದಸ್ಯ: ಕಿವಿಗೆ ಹತ್ತಿ ಸಾಕಾಗುತ್ತದೆಯೇ?

ಸುಬೇದಾರ್: ಮೇಲೆ ಓದಿ.

ವಿರಾಜಪೇಟೆಯ ಸದಸ್ಯ: ಇಷ್ಟೆಲ್ಲ ನಿಯಮ ಹೇಳಿದರೆ ಪದ್ಧತಿ ಉಳಿಯುವುದು ಹೇಗೆ? ಸುಗ್ಗಿ ಹಬ್ಬವಾದ ಪುತ್ತರಿಯಲ್ಲಿ ಕದಿರು ಕೊಯ್ಯುವಾಗ ಆಕಾಶಕ್ಕೆ ಗುಂಡು ಹಾರಿಸುತ್ತೇವೆ. ಕೊಡವರಾದ ನಮಗೆ ಕೋವಿ ಇಟ್ಟುಕೊಳ್ಳಲು ಲೈಸೆನ್ಸ್ ವಿನಾಯಿತಿ ಇದೆ.

ಸೋಮವಾರಪೇಟೆಯ ಸದಸ್ಯೆ: ಪುತ್ತರಿಯ ಒಂದು ಈಡನ್ನು ಯಾರೂ ಆಕ್ಷೇಪಿಸುತ್ತಿಲ್ಲ. ಮದುವೆ ಮಂಟಪದ ಮುಂದೆ ಕುಡಿದು ಹಾರಿಸುವವರೂ ಪದ್ಧತಿಯೆಂದೇ ಹೇಳುತ್ತಾರೆ.

ವಿರಾಜಪೇಟೆಯ ಸದಸ್ಯ: ನಮ್ಮ ಮನೆಯಲ್ಲಿ ಯಾರೂ ಕುಡಿದು ಕೋವಿ ಮುಟ್ಟುವುದಿಲ್ಲ. ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಿ.

ಸೋಮವಾರಪೇಟೆಯ ಸದಸ್ಯೆ: ನಿಮ್ಮ ಮನೆಯ ಹೆಸರನ್ನು ನಾನು ಎತ್ತಲೇ ಇಲ್ಲ. ನೀವೇಕೆ ಮೈಮೇಲೆ ಹಾಕಿಕೊಳ್ಳುತ್ತೀರಿ?

ಸುಬೇದಾರ್: ಇಬ್ಬರೂ ನಿಲ್ಲಿಸಿ. 2029ರ ಅಕ್ಟೋಬರ್ 31ರವರೆಗಿನ ವಿನಾಯಿತಿ ಲೈಸೆನ್ಸಿಗೆ ಸಂಬಂಧಿಸಿದ್ದು. ಸಮಾರಂಭದಲ್ಲಿ ಸಂಭ್ರಮಕ್ಕಾಗಿ ಗುಂಡು ಹಾರಿಸಿ ಇತರರ ಜೀವಕ್ಕೆ ಅಪಾಯ ತಂದರೆ, ಶಸ್ತ್ರಾಸ್ತ್ರ ಕಾಯ್ದೆಯ 2019ರ ತಿದ್ದುಪಡಿಯಂತೆ ಎರಡು ವರ್ಷದವರೆಗೆ ಜೈಲು, ಇಲ್ಲವೇ ಒಂದು ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ ಆಗಬಹುದು.

ಗೋಣಿಕೊಪ್ಪದ ಸದಸ್ಯ: ಬೆಲೆಯ ಬಗ್ಗೆ ಕೇಳಿದ್ದೆ ಸರ್.

ಅಮ್ಮತ್ತಿಯ ಸದಸ್ಯ: ಟ್ರಿಗರ್ ಒತ್ತಿದರೂ ಗುಂಡು ಹಾರದಿದ್ದರೆ ತಕ್ಷಣ ತೆರೆದು ನೋಡಬಹುದೇ?

ಸುಬೇದಾರ್: ಕೂಡದು. ಮದ್ದು ತಡವಾಗಿ ಹತ್ತಿಕೊಳ್ಳುವುದುಂಟು. ಗುರಿಯ ಕಡೆಗೇ ಹಿಡಿದು, ಟ್ರಿಗರಿನಿಂದ ಬೆರಳು ತೆಗೆದು ಕನಿಷ್ಠ 30 ಸೆಕೆಂಡು ಕಾಯಿರಿ. ಏನಾಯಿತೆಂದು ಕೇಳಲು ಹಿಂದಿರುಗಿ ಸ್ನೇಹಿತರ ಕಡೆ ಕೋವಿ ತಿರುಗಿಸುವವರನ್ನು ಪ್ರತಿ ವರ್ಷ ನೋಡುತ್ತಿದ್ದೇನೆ.

ನಾಪೋಕ್ಲಿನ ಸದಸ್ಯ: ಸರ್, ನೀವು ಅತಿಯಾಗಿ ಹೆದರಿಸುತ್ತಿದ್ದೀರಿ, ಎಡನಳಿಕೆ ಗಟ್ಟಿಯಾಗಿದೆ ಎಂದು ಚಿಕ್ಕಪ್ಪ ಹೇಳುತ್ತಿದ್ದಾರೆ.

ಸುಬೇದಾರ್: ನಿಮ್ಮೂರಿನ ಮೈದಾನಕ್ಕೆ ನಾನೇ ಬರುತ್ತೇನೆ, ಪ್ರತಿ ನಳಿಕೆಯನ್ನೂ ನಾನೇ ನೋಡುತ್ತೇನೆ. ಆ ಕೋವಿಗೆ ಸಾಲಿನಲ್ಲಿ ಜಾಗ ಕೊಡುವುದಿಲ್ಲ. ಚಿಕ್ಕಪ್ಪನವರಿಗೆ ಬೇಸರವಾದರೆ ನನ್ನ ಮೇಲೇ ಆಗಲಿ.

ನಾಪೋಕ್ಲಿನ ಸದಸ್ಯ: ಅವರ ಬೆರಳನ್ನು ಹಿಡಿದು ಉಬ್ಬನ್ನು ಮುಟ್ಟಿಸಿದೆ. ಸ್ವಲ್ಪ ಹೊತ್ತು ಮಾತಾಡಲಿಲ್ಲ. ಪೂಜೆಗೆ ಮಾತ್ರ ಇಡೋಣ ಎಂದರು.

ಸುಬೇದಾರ್: ಪೂಜೆಗೆ ಇಡುವ ಮೊದಲೂ ತೆರೆದು ನೋಡಿ.