ಅಪ್ಪನ ಬ್ಲ್ಯಾಡರ್ ಗಡ್ಡೆಗೆ ಲೇಸರ್ರಾ, ಮಾಮೂಲಿ ಆಪರೇಷನ್ನಾ?

ಪ್ರಶ್ನೆ (ರಾಜಾಜಿನಗರದಿಂದ): ನಮಸ್ಕಾರ ಡಾಕ್ಟ್ರೇ, ಅಪ್ಪಂಗೆ 66 ವರ್ಷ, ಬೀಡಿ ಸೇದ್ತಾರೆ. ಯೂರಿನ್‌ನಲ್ಲಿ ರಕ್ತ ಹೋಯ್ತು, ನೋವಿಲ್ಲ ಅಂತ ಸುಮ್ನಿದ್ರು, ಮತ್ತೆ ಹೋದ್ಮೇಲೆ ಸ್ಕ್ಯಾನ್ ಮಾಡ್ಸಿದ್ವಿ, ಬ್ಲ್ಯಾಡರ್ ಒಳಗೆ ಬಲಗಡೆ ಗೋಡೇಲಿ ಎರಡೂವರೆ ಸೆಂಟಿಮೀಟರ್ ಗಡ್ಡೆ ಇದೆಯಂತೆ. ಒಬ್ರು ಡಾಕ್ಟ್ರು ಮಾಮೂಲಿ ಟಿಯುಆರ್‌ಬಿಟಿ (ಮೂತ್ರದ ದಾರಿಯಿಂದ ಗಡ್ಡೆ ಹೆರೆದು ತೆಗೆಯೋ ಆಪರೇಷನ್) ಸಾಕು ಅಂದ್ರು, ಇನ್ನೊಂದು ಕಡೆ ಲೇಸರ್‌ನಲ್ಲಿ ಒಂದೇ ಪೀಸಾಗಿ ತೆಗಿತೀವಿ ಅಂತಾರೆ ಆದ್ರೆ ದುಡ್ಡು ಜಾಸ್ತಿ. ಸಾಲ ಮಾಡಿಯಾದ್ರೂ ಲೇಸರೇ ಮಾಡಿಸ್ಬೇಕಾ?

ಉತ್ತರ (ಯೂರಾಲಜಿಸ್ಟ್): ಸಾಲದ ಮಾತು ಸದ್ಯಕ್ಕೆ ಬಿಡಿ ಮೇಡಂ, ಆದ್ರೆ ಇದು ಕ್ಯಾನ್ಸರ್ ಇರ್ಬಹುದು, ಆಪರೇಷನ್ ಮುಂದಕ್ಕೆ ಹಾಕ್ಬೇಡಿ. ಎರಡರಲ್ಲೂ ಹೊಟ್ಟೆ ಕೊಯ್ಯಲ್ಲ, ಮೂತ್ರದ ದಾರಿಯಿಂದಲೇ ದುರ್ಬೀನು ಹಾಕಿ ತೆಗೆಯೋದು. ಮಾಮೂಲಿ ವಿಧಾನದಲ್ಲಿ ಕರೆಂಟ್ ಹರಿಯೋ ತಂತಿ ಕುಣಿಕೆಯಿಂದ ಗಡ್ಡೇನ ಚೂರು ಚೂರಾಗಿ ಹೆರೆದು ತೆಗೀತೀವಿ. ಇನ್ನೊಂದರಲ್ಲಿ ಗಡ್ಡೆ ಸುತ್ತ ಗೆರೆ ಹಾಕ್ಕೊಂಡು, ಗರಿಕೇನ ಬೇರಿನ ಹೆಂಟೆ ಸಮೇತ ಕಿತ್ತ ಹಾಗೆ, ಕೆಳಗಿನ ಮಾಂಸದ ಪದರ ಸೇರಿಸಿ ಇಡಿಯಾಗಿ ಎತ್ತೋದು. ಇಲ್ಲಿ ಜನ ಎರಡು ವಿಷಯ ಕಲಸಿಬಿಡ್ತಾರೆ: ಇಡಿಯಾಗಿ ತೆಗೆಯೋಕೆ ಲೇಸರೇ ಬೇಕು ಅಂತೇನಿಲ್ಲ, ಕೈ ಪಳಗಿದವರು ಕರೆಂಟ್‌ನಲ್ಲೂ ತೆಗೀತಾರೆ.

ಇಡಿಯಾಗಿ ಬಂದ್ರೆ ನಿಜವಾದ ಲಾಭ ತೆಗೆದ ಗಡ್ಡೇನ ಪರೀಕ್ಷೆ ಮಾಡೋ ಪೆಥಾಲಜಿಯವರಿಗೆ. ಗಡ್ಡೆ ಒಳಪದರದಲ್ಲೇ ಇದ್ಯಾ, ಮಾಂಸದೊಳಗೆ ಇಳಿದಿದ್ಯಾ ಅಂತ ಅವರು ಸರಿಯಾಗಿ ಹೇಳ್ಬಹುದು, ಮುಂದಿನ ಟ್ರೀಟ್ಮೆಂಟ್ ಪೂರ್ತಿ ಅದರ ಮೇಲೇ ನಿಂತಿರೋದು. ಆದ್ರೆ ಗಡ್ಡೆ ಮತ್ತೆ ಬರೋದು ಇದ್ರಿಂದ ತುಂಬಾ ಕಮ್ಮಿ ಆಗುತ್ತೆ ಅಂತ ಯಾರಾದ್ರೂ ಗ್ಯಾರಂಟಿ ಕೊಟ್ರೆ ನಂಬ್ಬೇಡಿ, ಅಷ್ಟು ಗಟ್ಟಿ ಪುರಾವೆ ಇಲ್ಲ. ಮೂರು ಸೆಂಟಿಮೀಟರ್ ದಾಟಿದ್ರೆ ಇಡೀ ಪೀಸನ್ನ ಹೊರಗೆ ತರೋದೇ ಕಷ್ಟ, ನಿಮ್ಮಪ್ಪಂದು ಅಷ್ಟಿಲ್ಲ.

ನಿಮ್ಮಪ್ಪನ ವಿಷಯದಲ್ಲಿ ನಾನು ಹೆಚ್ಚು ಯೋಚ್ನೆ ಮಾಡೋದು ಗಡ್ಡೆ ಇರೋ ಜಾಗದ ಬಗ್ಗೆ. ಪಕ್ಕದ ಗೋಡೆ ಹಿಂದೇನೇ ತೊಡೆಗೆ ಹೋಗೋ ಅಬ್ಚುರೇಟರ್ ನರ ಇದೆ, ಕರೆಂಟ್ ತಾಗಿದ್ರೆ ಕಾಲು ಜಾಡಿಸಿಬಿಡುತ್ತೆ, ಆ ಕ್ಷಣದಲ್ಲಿ ಬ್ಲ್ಯಾಡರ್ ತೂತಾಗ್ಬಹುದು. ಬೆನ್ನಿಗೆ ಕೊಡೋ ಅನಸ್ತೇಶಿಯಾ ಒಂದೇ ಇದನ್ನ ತಡೆಯಲ್ಲ. ಲೇಸರ್‌ನಲ್ಲಿ ಕರೆಂಟ್ ಹರಿಯಲ್ಲ, ಹಂಗಾಗಿ ಈ ತೊಂದರೆ ಇಲ್ಲ. ಮಾಮೂಲಿ ವಿಧಾನದಲ್ಲೂ ದಾರಿ ಇದೆ, ಆ ನರಕ್ಕೆ ಬ್ಲಾಕ್ (ಮರಗಟ್ಟೋ ಇಂಜೆಕ್ಷನ್) ಕೊಡ್ತಾರೆ, ಇಲ್ಲಾ ಪೂರ್ತಿ ಅನಸ್ತೇಶಿಯಾ ಕೊಟ್ಟು ಮಲಗಿಸಿ ಸ್ನಾಯು ಸಡಿಲ ಮಾಡ್ತಾರೆ. ಆದ್ದರಿಂದ ಡಾಕ್ಟ್ರ ಹತ್ರ ‘ಕಾಲು ಜಾಡಿಸದ ಹಾಗೆ ಏನು ಮಾಡ್ತೀರಾ, ಸ್ಯಾಂಪಲ್‌ನಲ್ಲಿ ಮಾಂಸದ ಪದರ ಬರೋ ಹಾಗೆ ತೆಗೀತೀರಾ’ ಅಂತ ಧೈರ್ಯವಾಗಿ ಕೇಳಿ. ಇವೆರಡಕ್ಕೂ ಸರಿಯಾಗಿ ಉತ್ತರ ಕೊಡೋರ ಹತ್ರ ಮಾಮೂಲಿ ವಿಧಾನದಲ್ಲೇ ಮಾಡ್ಸಿ, ಚೆನ್ನಾಗೇ ಆಗುತ್ತೆ. ಖರ್ಚಿನ ಚಿಂತೆ ಇದ್ರೆ ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆ ಆವರಣದ ನೆಫ್ರೋ ಯೂರಾಲಜಿ ಸಂಸ್ಥೆ, ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆ, ಎರಡೂ ಸರ್ಕಾರಿ, ಅಲ್ಲೂ ಒಂದ್ಸಲ ವಿಚಾರಿಸಿ.

ಇನ್ನೊಬ್ಬರ ಪ್ರಶ್ನೆ: ಸರ್, ನಮ್ಮ ಮಾವಂಗೆ ಗಡ್ಡೆ ತೆಗೆದಾಯ್ತು, ರಿಪೋರ್ಟ್‌ನಲ್ಲಿ ಹೈ ಗ್ರೇಡ್, ಟಿ1, ಮಸಲ್ ಸಿಕ್ಕಿಲ್ಲ ಅಂತಿದೆ. ಈಗ ಮತ್ತೆ ಆಪರೇಷನ್ ಅಂತಾರೆ, ದುಡ್ಡಿಗೋಸ್ಕರ ಇರ್ಬಹುದಾ?

ಉತ್ತರ: ಖಂಡಿತ ಅಲ್ಲ ಸರ್, ದಯವಿಟ್ಟು ಮಾಡ್ಸಿ. ಹೈ ಗ್ರೇಡ್ ಅಂದ್ರೆ ಬೇಗ ಬೆಳೆಯೋ ಜಾತಿ ಕ್ಯಾನ್ಸರ್, ಟಿ1 ಅಂದ್ರೆ ಒಳಪದರ ದಾಟಿ ಕೆಳಗಿನ ಪದರಕ್ಕೆ ಬಂದಿದೆ, ಮಾಂಸವೇ ಸಿಕ್ಕಿಲ್ಲ ಅಂದ್ಮೇಲೆ ಅಲ್ಲಿಗೂ ಇಳಿದಿದ್ಯಾ ಅಂತ ಯಾರು ಹೇಳ್ತಾರೆ? ಎರಡರಿಂದ ಆರು ವಾರದೊಳಗೆ ಅದೇ ಜಾಗ ಮತ್ತೆ ಕೆರೆದು ನೋಡೋದು ಎಲ್ಲಾ ಕಡೆ ಇರೋ ಪದ್ಧತಿ, ಉಳಿದ ಗಡ್ಡೆ ಸಿಗೋದು ಅಪರೂಪ ಏನಲ್ಲ. ಮಾಂಸದೊಳಗೆ ಹೋಗಿಲ್ಲ ಅಂತಾದ್ರೆ ಬ್ಲ್ಯಾಡರ್ ಒಳಗೆ ಬಿಸಿಜಿ (ಟಿಬಿ ಲಸಿಕೇಲಿ ಬಳಸೋ ಔಷಧಿನೇ) ಹಾಕೋದು, ಮೊದಲು ವಾರಕ್ಕೊಂದರಂತೆ ಆರು. ಹೋಗಿದ್ರೆ ಬ್ಲ್ಯಾಡರೇ ತೆಗೆಯೋ ಮಾತು ಬರುತ್ತೆ, ಕೆಲವರಿಗೆ ರೇಡಿಯೇಷನ್ ಕೀಮೋ ದಾರಿನೂ ಇದೆ.

ಮತ್ತೆ ರಾಜಾಜಿನಗರದವರು: ತುಂಬಾ ಥ್ಯಾಂಕ್ಸ್ ಡಾಕ್ಟ್ರೇ. ಅಪ್ಪಂಗೆ ಹಾರ್ಟ್‌ಗೆ ಸ್ಟೆಂಟ್ ಹಾಕಿದೆ, ರಕ್ತ ತೆಳು ಮಾಡೋ ಮಾತ್ರೆ ಈಗ್ಲೇ ನಿಲ್ಲಿಸ್ಲಾ?

ಉತ್ತರ: ಬೇಡ ಬೇಡ, ನೀವಾಗೇ ನಿಲ್ಲಿಸ್ಬೇಡಿ! ಸ್ಟೆಂಟ್ ಮುಚ್ಚಿಕೊಂಡ್ರೆ ಜೀವಕ್ಕೇ ಅಪಾಯ. ಯಾವ ಮಾತ್ರೆ, ಸ್ಟೆಂಟ್ ಯಾವಾಗ ಹಾಕಿದ್ದು ಅಂತ ಚೀಟಿ ಸಮೇತ ಹಾರ್ಟ್ ಡಾಕ್ಟ್ರಿಗೂ ಯೂರಾಲಜಿಸ್ಟ್‌ಗೂ ತೋರ್ಸಿ, ಅವರಿಬ್ರೂ ಮಾತಾಡಿ ಹೇಳ್ಲಿ. ಬೀಡಿ ಮಾತ್ರ ಇವತ್ತೇ ನಿಲ್ಲಿಸಿ, ಅದಕ್ಕೆ ಯಾರನ್ನೂ ಕೇಳೋದು ಬೇಡ.